ಕುಡಿಯದೆ ಇಟ್ಟ ಕಾಫಿ

ಸಬ್ಬಾರನ ತಾಪತ್ರಯ ಶುರುವಾದದ್ದು ಒಂದು ಗುಟುಕು ಕಾಫಿಯಿಂದ. ಕುಡಿದದ್ದರಿಂದಲ್ಲ, ಕುಡಿಯದೆ ಇಟ್ಟದ್ದರಿಂದ.

ಕಾಫಿ ಶೇಖ್ ಮುಜ್ಬಿಲರ ಚಾವಡಿಯದು. ಯೂಫ್ರೆಟಿಸ್ ನದಿ ಜೌಗಿನೊಳಗೆ ಹರಡಿಕೊಂಡು ತನ್ನ ದಾರಿ ತಾನೇ ಮರೆಯುವ ಜಾಗದಲ್ಲಿ ಉಮ್ ಜಿರ್ರಿ ಎಂಬ ಹಳ್ಳಿ. ಆ ಹಳ್ಳಿಗೆ ಜೊಂಡಿನ ಕಂತೆಗಳನ್ನು ಬಾಗಿಸಿ ಕಟ್ಟಿದ ಆ ಉದ್ದನೆಯ ಚಾವಡಿಯೇ ಕೋರ್ಟು, ಅದೇ ಕಚೇರಿ, ಮಳೆ ಬಂದರೆ ಅದೇ ಕೊಡೆ. ಅಲ್ಲಿಯ ರೂಢಿ ಎಲ್ಲರಿಗೂ ಗೊತ್ತು. ಬಂದವನು ಕಾಫಿ ಕುಡಿದರೆ ಸುಮ್ಮನೆ ಬಂದಿದ್ದಾನೆ. ಬಟ್ಟಲು ಇಸಿದುಕೊಂಡು, ತುಟಿಗೆ ತಾಗಿಸದೆ, ಮುಂದಿನ ಚಾಪೆಯ ಮೇಲೆ ಇಟ್ಟನೆಂದರೆ ಏನೋ ಬೇಡಲು ಬಂದಿದ್ದಾನೆ. ಆಗ ಶೇಖರು, ‘ಕಾಫಿ ಕುಡಿ, ನಿನ್ನ ಕೆಲಸ ಆಯ್ತು ಅಂತ ತಿಳ್ಕೋ’ ಎನ್ನಬೇಕು. ಎನ್ನದೆ ಹೋದರೆ ಅಜ್ಜನ ಗೋರಿಗೂ ಅವಮಾನ. ಹೀಗೆ ಒಂದೊಂದು ಬಟ್ಟಲು ಕಾಫಿಯ ಮುಂದೆ ಕೊಲೆಗಳು ರಾಜಿಯಾಗಿವೆ, ಓಡಿಹೋದ ಹೆಣ್ಣುಮಕ್ಕಳು ಮನೆ ಸೇರಿದ್ದಾರೆ. ಮೀನು ಕೇಳಿದವನು ಮಾತ್ರ ಸಬ್ಬಾರನಿಗಿಂತ ಮುಂಚೆ ಯಾರೂ ಇರಲಿಲ್ಲ.

ಸಬ್ಬಾರ್ ನದಿಯ ನಾಡುಮೀನುಗಳನ್ನು ಉಳಿಸುವ ಯೋಜನೆಯ ನೌಕರ. ಆ ಯೋಜನೆಗೆ ಪಟ್ಟಣದಲ್ಲಿ ಎರಡಂತಸ್ತಿನ ಕಟ್ಟಡ, ಅದರ ತುಂಬ ಕುರ್ಚಿ, ಕುರ್ಚಿಯ ತುಂಬ ಜನ. ನದಿಯಲ್ಲಿ ಮಾತ್ರ ಸಬ್ಬಾರ್ ಒಬ್ಬನೇ. ಬಲೆ ಹಾಕುವುದು, ಬಿದ್ದ ಮೀನನ್ನು ಅಳೆದು ತೂಗಿ ತಿರುಗಿ ನೀರಿಗೆ ಬಿಡುವುದು ಅವನ ಕೆಲಸ. ಮೂರು ವರ್ಷದಿಂದ ಅವನು ಅಳೆದದ್ದೆಲ್ಲ ಎಲ್ಲಿಂದಲೋ ಬಂದು ಸೇರಿಕೊಂಡ ಜಿಲೇಬಿ ಮೀನು ಮತ್ತು ಗೆಂಡೆ. ಹುಡುಕುತ್ತಿದ್ದ ಬುನ್ನಿ ಒಂದೂ ಸಿಕ್ಕಿರಲಿಲ್ಲ. ಬುನ್ನಿ ಬಂಗಾರದ ಬಣ್ಣದ ಮೀನು. ತಮ್ಮ ಕಾಲದಲ್ಲಿ ಅದು ತಾನಾಗಿ ದೋಣಿಗೆ ಹಾರಿ ಬರುತ್ತಿತ್ತು ಎಂದು ಹಳ್ಳಿಯ ಪ್ರತಿ ಮುದುಕನೂ ಕಣ್ಣೀರು ಹಾಕುತ್ತಾನೆ. ಪಕ್ಕದಲ್ಲೇ ಕೂತ ಅವನ ಮೊಮ್ಮಗ ಕಾರಿನ ಬ್ಯಾಟರಿಗೆ ತಂತಿ ಸುತ್ತುತ್ತಿರುತ್ತಾನೆ. ನೀರಿಗೆ ಕರೆಂಟು ಬಿಟ್ಟರೆ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ, ಬಲೆಯ ಖರ್ಚು ಉಳಿಯುತ್ತದೆ.

ಸಬ್ಬಾರನ ಮೇಲಧಿಕಾರಿ ಡಾಕ್ಟರ್ ವಸ್ಫಿ ಪಟ್ಟಣದಲ್ಲಿ ಮೀನುಮರಿ ಕೇಂದ್ರ ನಡೆಸುತ್ತಾರೆ. ಅಲ್ಲಿ ಗಂಡು ಬುನ್ನಿಗಳು ಬೇಕಾದಷ್ಟಿವೆ. ಹೆಣ್ಣು ಒಂದೇ ಒಂದು. ಅದರ ಹೆಸರು ಖಾತೂನ್. ಹೆಂಡತಿಯ ಹುಟ್ಟುಹಬ್ಬ ಮರೆತರೂ ಡಾಕ್ಟರು ಖಾತೂನಳ ಊಟದ ಹೊತ್ತು ಮರೆತವರಲ್ಲ. ಅವಳಿರುವ ಕೋಣೆಗೆ ಅವರನ್ನು ಬಿಟ್ಟು ಬೇರೆಯವರು ಹೋಗುವಂತಿಲ್ಲ. ಸಬ್ಬಾರ್ ಆ ಕೋಣೆಯ ಬಾಗಿಲನ್ನು ಮಾತ್ರ ನೋಡಿದ್ದ. ಬಾಗಿಲಿಗೆ ಒಳ್ಳೆಯ ಬಣ್ಣ ಹೊಡೆದಿದ್ದರು.

“ಖಾತೂನ್‌ಗೆ ವಯಸ್ಸಾಯ್ತು. ಈ ತಿಂಗಳೊಳಗೆ ನದಿಯಿಂದ ಒಂದು ಹೆಣ್ಣು ಬುನ್ನಿ ಜೀವಂತ ತಂದ್ಕೊಡು, ನಿನ್ನ ಕೆಲಸ ಕಾಯಂ. ತರದೆ ಹೋದ್ರೆ ಬೇಜಾರು ಮಾಡ್ಕೋಬೇಡ, ಇಲ್ಲಿ ಬಾಗಿಲಲ್ಲಿ ಹುಡುಗರು ಸಾಲು ನಿಂತಿದಾರೆ” ಎಂದಿದ್ದರು ಡಾಕ್ಟರು.

ಕೆಲಸ ಹೋದರೆ ಏನು ಎಂದು ಯೋಚಿಸಿ ಯೋಚಿಸಿ ಸಬ್ಬಾರನ ಪ್ಯಾಂಟು ಸಡಿಲವಾಯಿತು. ಕೊನೆಗೆ ಒಂದು ಸಂಜೆ ಚಾವಡಿಗೆ ಹೋದವನೇ ಬಟ್ಟಲನ್ನು ಚಾಪೆಯ ಮೇಲಿಟ್ಟ. ಕಡಿಮೆಯೆಂದರೆ ಒಂದು ಕೊಲೆಯಾದರೂ ಆಗಿರಬೇಕೆಂದು ಶೇಖರು ಮುಖವನ್ನು ಗಂಭೀರ ಮಾಡಿಕೊಂಡರು.

“ಹೇಳು ಮಗನೇ.”

“ಒಂದು ಹೆಣ್ಣು ಬುನ್ನಿ ಬೇಕು ಶೇಖರೇ. ಜೀವಂತ.”

“ಮೀನಾ?”

“ಮೀನೇ.”

ಶೇಖರು ಜೊಂಡಿನ ಮಾಡನ್ನು ನೋಡಿದರು. ಮಾಡೂ ಅವರನ್ನು ನೋಡಿತು. “ಕಾಫಿ ಕುಡಿ. ಕೆಲಸ ಆಯ್ತು ಅಂತ ತಿಳ್ಕೋ” ಎಂದರು. ಬಾಗಿಲ ಹತ್ತಿರ ಕೂತಿದ್ದ ಚಾಸಿಬನ ಕೈಯಿಂದ ಟೀ ಲೋಟ ಜಾರಿ ತೊಡೆಯ ಮೇಲೆ ಬಿತ್ತು. ಚಾಸಿಬ್ ಶೇಖರ ಅಣ್ಣನ ಮಗ, ಸಬ್ಬಾರನ ದೋಣಿ ನಡೆಸುವವನು. ಶೇಖರು ಕೊಟ್ಟ ಮಾತನ್ನು ಉಳಿಸುವ ಕೆಲಸ ಯಾವಾಗಲೂ ಅವನ ಪಾಲಿಗೇ ಬರುತ್ತಿತ್ತು.

ಸಬ್ಬಾರ್ ಆರಿದ ಕಾಫಿ ಕುಡಿದು ಎದ್ದ. ಇಷ್ಟು ಸುಲಭದ ದಾರಿ ಮೂರು ವರ್ಷದಿಂದ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ. ತನ್ನನ್ನು ಬೈದುಕೊಳ್ಳುವುದರಲ್ಲಿ ಅವನಿಗೆ ಮೊದಲಿನಿಂದಲೂ ಒಳ್ಳೆಯ ಅಭ್ಯಾಸವಿತ್ತು.

ಅದಾದ ಮೇಲೆ ಒಂದು ಗುರುವಾರ, ಬೆಳಗಿನ ಚಹಾ ಒಲೆಯ ಮೇಲಿರುವಾಗಲೇ ಚಾಸಿಬ್ ಒದ್ದೆ ತಾಡಪಾಲಿನ ದೊಡ್ಡ ಗಂಟೊಂದನ್ನು ಮಗುವಿನಂತೆ ಎತ್ತಿಕೊಂಡು ಬಾಗಿಲು ಒದ್ದ.

“ಬೇಗ ನೀರು ತೋರಿಸಿ ಉಸ್ತಾದ್.”

ಸಬ್ಬಾರ್ ಬಾಡಿಗೆಗಿದ್ದದ್ದು ಉಮ್ ಗಾಯಿಬಳ ಅಂಗಳದ ಕೋಣೆಯಲ್ಲಿ. ಆಕೆ ಎಮ್ಮೆ ಸಾಕಿ ಕೆನೆ ಮಾರುವ ಹೆಂಗಸು. ಮಕ್ಕಳಿಲ್ಲದ್ದರಿಂದ ಇನ್ನೂ ಹುಟ್ಟದ ಮಗನ ತಾಯಿ ಎಂಬ ಅರ್ಥದ ಈ ಹೆಸರಿನಿಂದ ಊರು ಅವಳನ್ನು ಕರೆಯುತ್ತಿತ್ತು. ಆ ಮಗ ಬಾರದ ಕಾರಣ ಅವನಿಗೆ ಮಾಡಬೇಕಾದ ಉಪದೇಶವೆಲ್ಲ ಸಬ್ಬಾರನ ಪಾಲಿಗೆ ಬಂದಿತ್ತು. ಅವಳ ಬಚ್ಚಲಿನ ತೊಟ್ಟಿಯಲ್ಲಿ ಗಂಟು ಬಿಚ್ಚಿದಾಗ ಮೊಣಕೈಯುದ್ದಕ್ಕಿಂತ ದೊಡ್ಡದಾದ ಬುನ್ನಿಯೊಂದು ಹೊರಳಿ ನೇರವಾಯಿತು. ಬಂಗಾರದ ಬಣ್ಣ, ತುಂಬಿದ ಹೊಟ್ಟೆ, ಬಾಲದ ಅಂಚಿನಲ್ಲಿ ಯಾವುದೋ ಹಳೆಯ ಕಚ್ಚು.

ಸಬ್ಬಾರ್ ಬಚ್ಚಲ ನೆಲದ ಮೇಲೆ ಕೂತುಬಿಟ್ಟ. “ಎಲ್ಲಿ ಸಿಕ್ತು ಚಾಸಿಬಣ್ಣಾ?”

“ನೀರಲ್ಲಿ.”

“ಯಾವ ಕಡೆ ನೀರಲ್ಲಿ?”

“ಸೊಸೆ ಹೊಸಿಲು ದಾಟಿದ ಮೇಲೆ ಯಾವ ಬಸ್ಸಲ್ಲಿ ಬಂದೆ ಅಂತ ಯಾರಾದ್ರೂ ಕೇಳ್ತಾರಾ ಉಸ್ತಾದ್? ಬಂದಿದಾಳೆ, ಅಷ್ಟೇ. ಶೇಖರ ಮಾತು ಮುಗೀತು.”

ಉಮ್ ಗಾಯಿಬ್ ಕೆನೆ ಮೆತ್ತಿದ ಕೈ ಒರೆಸಿಕೊಳ್ಳುತ್ತ ಬಂದು ಉಂಗುರದ ಬೆರಳಿನಿಂದ ತೊಟ್ಟಿಯ ಅಂಚನ್ನು ಟಕಟಕ ಬಡಿದಳು. ಮೀನು ತಟ್ಟನೆ ತಿರುಗಿ ನೇರ ಅವಳ ಕೈಯ ಬಳಿ ಬಂದು ಬಾಯಿ ತೆರೆಯಿತು. ರೊಟ್ಟಿಯ ಚೂರು ಹಾಕಿದಳು. ನುಂಗಿ ಮತ್ತೆ ಬಾಯಿ ತೆರೆಯಿತು.

“ನಿನಗಿಂತ ಚುರುಕಾಗಿದೆ. ನಿನ್ನನ್ನ ಊಟಕ್ಕೆ ಕರೆಯೋದಕ್ಕೆ ಮೂರು ಸಲ ಕೂಗಬೇಕು” ಎಂದಳು.

ಸಬ್ಬಾರನ ಕಣ್ಣು ತುಂಬಿ ಬಂತು. ಕಾಡು ಬುನ್ನಿ ಮನುಷ್ಯನ ಕೈಗೆ ಬರುತ್ತದೆಂದು ಅವನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಇದರ ಮೇಲೆ ಒಂದು ಲೇಖನ ಬರೆಯಬೇಕು, ಕೊನೆಯಲ್ಲಿ ಉಮ್ ಗಾಯಿಬ್‌ಗೆ ಕೃತಜ್ಞತೆ ಹೇಳಬೇಕು ಎಂದು ಅಲ್ಲೇ ನಿಶ್ಚಯಿಸಿದ. ಇಷ್ಟು ದೊಡ್ಡ ಆನಂದದಲ್ಲಿ ಸಣ್ಣ ಅನುಮಾನಕ್ಕೆ ಜಾಗವೆಲ್ಲಿ?

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಡಾಕ್ಟರ್ ವಸ್ಫಿ. ಇಷ್ಟು ಬೆಳಿಗ್ಗೆ ಅವರು ಫೋನು ಮಾಡಿದ್ದೇ ಇಲ್ಲ. ಬೇರೆ ಹುಡುಗ ಸಿಕ್ಕಿರಬೇಕು, ನಿನ್ನ ಲೆಕ್ಕ ಮುಗೀತು ಎನ್ನಲು ಕರೆಯುತ್ತಿದ್ದಾರೆ. ಕರೆ ಎತ್ತಿದರೆ ತಾನೇ ಆ ಮಾತು ಕಿವಿಗೆ ಬೀಳುವುದು? ಮೀನನ್ನು ಅವರ ಕಾಲ ಬಳಿ ಇಳಿಸಿದ ಮೇಲೆಯೇ ಮಾತು ಎಂದುಕೊಂಡು ಫೋನಿನ ಬಾಯಿ ಮುಚ್ಚಿಸಿ ಜೇಬಿಗೆ ಹಾಕಿದ. ಅದು ಬೆಳಗಿನಿಂದ ಸಂಜೆಯವರೆಗೆ ಅವನ ತೊಡೆಯ ಮೇಲೆ ನಡುಗುತ್ತಲೇ ಇತ್ತು. ಅವನೂ ನಡುಗುತ್ತಿದ್ದುದರಿಂದ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ.

ಅಂಗಳ ತುಂಬಿತು. ಜೌಗಿನ ಹಳ್ಳಿಯಲ್ಲಿ ಮೀನು ನೋಡಲು ಇಷ್ಟು ಜನ ಸೇರಿದ್ದು ಅದೇ ಮೊದಲು. ಇದು ಗಂಡು ಎಂದ ಒಬ್ಬ. ತಲೆಯ ಕಡೆ ರುಚಿ ಜಾಸ್ತಿ ಎಂದ ಇನ್ನೊಬ್ಬ. ಕಣ್ಣು ತಾಗುತ್ತದೆಂದು ಉಮ್ ಗಾಯಿಬ್ ನಲ್ಲಿಗೆ ನೀಲಿ ಮಣಿ ಕಟ್ಟಿದಳು. ಸಾಲದೆಂದು ಕೆಂಡದ ಮೇಲೆ ಹರ್ಮಲ್ ಬೀಜ ಉದುರಿಸಿ ಬಚ್ಚಲ ತುಂಬ ಹೊಗೆ ಹಾಕಿದಳು. ಹೊಗೆಯಲ್ಲಿ ಯಾರ ಕಣ್ಣಿಗೂ ಏನೂ ಕಾಣದ ಕಾರಣ ಕಣ್ಣು ತಾಗುವ ಪ್ರಶ್ನೆ ಬರಲಿಲ್ಲ. ಆದರೆ ಅದೇ ಗಳಿಗೆಗೆ ಕರೆಂಟು ಹೋಯಿತು. ತೊಟ್ಟಿಗೆ ಗಾಳಿ ಊದುತ್ತಿದ್ದ ಪಂಪು ಒಮ್ಮೆ ಬಿಕ್ಕಿ ಸುಮ್ಮನಾಯಿತು.

“ಆಕ್ಸಿಜನ್ ಸಿಲಿಂಡರ್ ಎಲ್ಲಿ?” ಎಂದ ಚಾಸಿಬ್.

ಸಿಲಿಂಡರನ್ನು ಎರಡು ದಿನದ ಹಿಂದೆ ವೆಲ್ಡಿಂಗ್ ಅಂಗಡಿಯವನು, ‘ಒಂದು ಗೇಟು ಮಾತ್ರ ಉಸ್ತಾದ್’ ಎಂದು ಒಯ್ದಿದ್ದ. ಸಬ್ಬಾರನಿಗೆ ಇಲ್ಲ ಎನ್ನಲು ಬರುವುದಿಲ್ಲ. ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಹಾಗಾಗಿ ಊರಿನ ಗೇಟುಗಳೆಲ್ಲ ಗಟ್ಟಿಯಾಗಿದ್ದವು.

“ಅದನ್ನ ನಾನು ಕಿತ್ಕೊಂಡು ಬರ್ತೀನಿ. ಅಲ್ಲೀತನಕ ಇವಳಿಗೆ ಉಸಿರು ಬೇಕಲ್ಲ” ಎಂದ ಚಾಸಿಬ್. “ಹಗಲೂ ರಾತ್ರಿ ಜನರೇಟರು ಓಡೋದು, ನೀರಿಗೆ ಗಾಳಿ ಹೊಡೆಯೋದು ಊರಲ್ಲಿ ಒಂದೇ ಕಡೆ.”

ಎಲ್ಲರೂ ಒಟ್ಟಿಗೆ ರಸ್ತೆಯ ಆಚೆ ನೋಡಿದರು. ಅಲ್ಲಿ ಹಜ್ಜಿ ಲಫ್ತಾನ ಮಸ್ಗೂಫ್ ಎಂಬ ಸುಟ್ಟ ಮೀನಿನ ಅಂಗಡಿಯಿತ್ತು. ಬೆನ್ನು ಸೀಳಿ ಪುಸ್ತಕದಂತೆ ಬಿಡಿಸಿದ ಗೆಂಡೆಗಳು ಬೆಂಕಿಯ ಸುತ್ತ ಗೂಟಕ್ಕೆ ನಿಂತು ಬಣ್ಣ ತಿರುಗುತ್ತಿದ್ದವು. ಪಕ್ಕದ ಸಿಮೆಂಟು ತೊಟ್ಟಿಯಲ್ಲಿ ಮುಂದಿನ ಪಾಳಿಯವು ಗುಳುಗುಳು ಗಾಳಿಯಲ್ಲಿ ಸುಖವಾಗಿ ಈಜುತ್ತಿದ್ದವು.

ಕುರಿಮರಿಯನ್ನು ತೋಳದ ಮಗ್ಗುಲಲ್ಲಿ ಮಲಗಿಸಲು ಒಯ್ಯುವವನಂತೆ ಸಬ್ಬಾರ್ ಹೆಜ್ಜೆ ಹಾಕಿದ. ಈ ಅಂಗಡಿಯ ಮುಂದೆ ಅವನು ಮೂರು ವರ್ಷದಿಂದ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದ. ಮೀನು ಉಳಿಸುವವನು ಮೀನು ತಿನ್ನಬಾರದು ಎಂಬುದು ಅವನ ವ್ರತ. ಯಾರೂ ಹೇರಿದ್ದಲ್ಲ. ಆದ್ದರಿಂದಲೇ ಅದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಬೇಕಾಗಿತ್ತು.

“ಬಾ ಕಣ್ಣೇ ಬಾ” ಎಂದ ಹಜ್ಜಿ ಲಫ್ತಾ, ಹೊಟ್ಟೆಯನ್ನು ಮುಂದೆ ಬಿಟ್ಟುಕೊಂಡು. “ನಮ್ಮ ಹೊಗೆ ಕಂಡ್ರೆ ಮೂಗು ಮುಚ್ಕೊಂಡು ಹೋಗ್ತಿದ್ದೆ. ಇವತ್ತು ಮಗಳನ್ನೇ ತವರಿಗೆ ಕರ್ಕೊಂಡು ಬಂದಿದೀಯ.”

“ಹಜ್ಜಿ, ಮಧ್ಯಾಹ್ನದವರೆಗೆ ಮಾತ್ರ. ಇದನ್ನ ಯಾರೂ ಮುಟ್ಟಬಾರದು.”

“ನನ್ನ ಮೀಸೆ ಮೇಲೆ ಕೈ ಇಟ್ಟು ಹೇಳ್ತೀನಿ. ತಾಯಿ ಮಡಿಲಲ್ಲಿ ಇದ್ದಂಗೆ ಇರ್ತಾಳೆ.”

ಮೀಸೆ ಗಟ್ಟಿಯಾಗಿಯೇ ಇತ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಬಿಳಿ ಕಾರಿನಲ್ಲಿ ಒಬ್ಬ ಗುತ್ತಿಗೆದಾರ ತನ್ನ ಬೀಗರ ಸೈನ್ಯವನ್ನೆಲ್ಲ ತುಂಬಿಕೊಂಡು ಬಂದಿಳಿದ. ತೊಟ್ಟಿಯ ಸುತ್ತ ಹೆಣ್ಣು ನೋಡಲು ಬಂದವನಂತೆ ಒಂದು ಸುತ್ತು ಹಾಕಿ ಜಪಮಣಿಯ ತುದಿಯಿಂದ ಬಂಗಾರದ ಬೆನ್ನನ್ನು ತೋರಿಸಿದ. “ಅದು.”

“ಅದು ಮಾರೋದಲ್ಲ ಯಜಮಾನ್ರೇ” ಎಂದ ಹಜ್ಜಿ.

“ಮಾರೋದಲ್ಲದ್ದು ಒಲೆ ಪಕ್ಕ ಯಾಕೆ ಈಜ್ತಾ ಇದೆ? ನಾನು ಬೀಗರ ಎದುರಿಗೆ ಬೆರಳು ತೋರಿಸಿ ಆಗಿದೆ.”

ಹಜ್ಜಿ ಸಬ್ಬಾರನ ಕಡೆ ತಿರುಗಿದ. ಮುಖದಲ್ಲಿ ನಿಜವಾದ ಸಂಕಟವಿತ್ತು. “ಉಸ್ತಾದ್, ಬಂದ ಅತಿಥಿ ಬಾಯಿ ಬಿಟ್ಟು ಕೇಳಿದಾನೆ. ಬೀಗರ ಎದುರಿಗೆ. ನೀನೂ ಸ್ವಲ್ಪ ನನ್ನ ಜಾಗದಲ್ಲಿ ನಿಂತು ನೋಡು.” ಅಷ್ಟು ಹೇಳುವುದರೊಳಗೆ ಅವನ ಕೈ ತಾನಾಗಿ ಬಲೆಯ ಕೋಲಿನ ಕಡೆ ಹೋಗಿತ್ತು.

ಸಬ್ಬಾರ್ ಜೀವಮಾನದಲ್ಲಿ ಸುಳ್ಳು ಹೇಳಿದವನಲ್ಲ. ಹಾಗಾಗಿ ಎಷ್ಟು ಹೇಳಬೇಕೆಂಬ ಅಂದಾಜು ಅವನಿಗಿರಲಿಲ್ಲ. “ಅದಕ್ಕೆ ರೋಗ ಇದೆ” ಎಂದುಬಿಟ್ಟ.

“ಎಂಥಾ ರೋಗ?” ಎಂದ ಗುತ್ತಿಗೆದಾರ.

“ಕಿವಿರಿನ ರೋಗ. ಹುಳು ಬೀಳತ್ತೆ.”

“ಪಕ್ಕದಲ್ಲಿರೋ ಮೀನಿಗೆ?”

ಇಲ್ಲಿ ನಿಲ್ಲಿಸಬಹುದಿತ್ತು. ಆದರೆ ಕೇಳಿದ ಪ್ರಶ್ನೆಗೆ ಪೂರ್ತಿ ಉತ್ತರ ಕೊಡದಿದ್ದರೆ ಸಬ್ಬಾರನಿಗೆ ನಿದ್ದೆ ಬರುವುದಿಲ್ಲ. “ಹರಡತ್ತೆ. ನೀರಿನಿಂದ ನೀರಿಗೆ” ಎಂದ.

ಅಂಗಡಿಯಲ್ಲಿ ಅಗಿಯುತ್ತಿದ್ದ ದವಡೆಗಳೆಲ್ಲ ಒಮ್ಮೆಗೇ ನಿಂತವು. ಯಾರೋ ತುತ್ತನ್ನು ಮೆಲ್ಲಗೆ ಕರವಸ್ತ್ರಕ್ಕೆ ಇಳಿಸಿದರು. ಗುತ್ತಿಗೆದಾರನ ಬೀಗರು ಕಾರು ಸೇರಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಅಂಗಡಿಯಲ್ಲಿ ಉಳಿದದ್ದು ಬೆಂಕಿ, ಬೆಕ್ಕು ಮತ್ತು ಹಜ್ಜಿ ಲಫ್ತಾ. ಬೆಕ್ಕು ಕೂಡ ಮುಂದಿದ್ದ ತಲೆಯನ್ನು ಮೂಸಿ ಯೋಚಿಸುತ್ತಿತ್ತು.

“ನನ್ನ ಅಪ್ಪ ಈ ಒಲೆ ಹಚ್ಚಿದ” ಎಂದ ಹಜ್ಜಿ, ತುಂಬ ಮೆತ್ತಗೆ. ಮೆತ್ತಗೆ ಮಾತಾಡುವ ಹಜ್ಜಿಯನ್ನು ಊರು ಯಾವತ್ತೂ ನೋಡಿರಲಿಲ್ಲ. “ಎಷ್ಟು ಯುದ್ಧ ಬಂತು, ಒಲೆ ಆರಲಿಲ್ಲ. ನೀನು ಒಂದು ಮಾತಲ್ಲಿ ಆರಿಸಿದೆ. ನಾಳೆ ನಮ್ಮ ಕುಲದವರು ಬರ್ತಾರೆ. ನಿನ್ನ ಕುಲದವರನ್ನ ಕರೆಸು. ಕೂತು ಪಂಚಾಯ್ತಿ ಆಗ್ಲಿ.”

ಸಬ್ಬಾರ್ ತನ್ನ ಕುಲವನ್ನು ನೆನೆದ. ಬಸ್ರಾದಲ್ಲಿ ಮಂಡಿನೋವಿನ ಒಬ್ಬ ಚಿಕ್ಕಪ್ಪ, ಸ್ವೀಡನ್ನಿನಲ್ಲಿ ಫೋನು ಎತ್ತದ ಒಬ್ಬ ಅಣ್ಣ.

“ನಾನು ಸುಳ್ಳು ಹೇಳಿದ್ದು ಹಜ್ಜಿ. ಮೀನಿಗೆ ಏನೂ ಆಗಿಲ್ಲ.”

“ನನಗೆ ಹೇಳಿದ್ರೆ ಏನು ಬಂತು? ರಸ್ತೆ ಆಚೆ ನಿಂತಿರೋರಿಗೆ ಹೇಳು.” ಹಜ್ಜಿ ತೊಟ್ಟಿಯಿಂದ ಇದ್ದುದರಲ್ಲೇ ದಪ್ಪನೆಯ ಗೆಂಡೆಯೊಂದನ್ನು ಎತ್ತಿದ. “ಬೇಡ, ಹೇಳ್ಬೇಡ. ತಿಂದು ತೋರ್ಸು. ಎಲ್ಲರ ಎದುರಿಗೆ, ಪೂರ್ತಿ.”

ಮಸ್ಗೂಫ್ ಅವಸರದ ಅಡುಗೆಯಲ್ಲ. ಬೆಂಕಿ ತನ್ನ ಪಾಡಿಗೆ ತಾನು ಮೀನನ್ನು ಮಾತಾಡಿಸುತ್ತಿದ್ದಷ್ಟು ಹೊತ್ತೂ ಸಬ್ಬಾರ್ ಕುರ್ಚಿಯ ತುದಿಯಲ್ಲಿ ಕೂತಿದ್ದ. ತೊಡೆಯ ಮೇಲೆ ಫೋನು ನಡುಗುತ್ತಿತ್ತು. ಊರೆಲ್ಲ ಸುತ್ತ ನಿಂತಿತ್ತು. ಉಮ್ ಗಾಯಿಬ್ ಬಿಸಿ ರೊಟ್ಟಿ, ಉಪ್ಪಿನಕಾಯಿ ತಂದಿಟ್ಟು, “ಮುಳ್ಳು ನೋಡ್ಕೊಂಡು ತಿನ್ನು ಮಗನೇ. ಸಾಯೋದಾದ್ರೆ ರೋಗದಿಂದ ಸಾಯಿ, ಮುಳ್ಳಿಂದ ಸತ್ರೆ ಹಜ್ಜಿ ಒಪ್ಪಲ್ಲ” ಎಂದಳು.

ಮೊದಲ ತುತ್ತು ಗಂಟಲಿಳಿಯಿತು. ಜನ ಅವನ ಕಣ್ಣಾಲಿ ನೋಡಿದರು. ಎರಡನೆಯದಕ್ಕೆ ಹಣೆ ಬೆವೆತಿದೆಯೇ ನೋಡಿದರು. ಸಬ್ಬಾರನ ಸಂಕಟ ಬೇರೆಯೇ ಇತ್ತು. ಮೀನು ಅದ್ಭುತವಾಗಿತ್ತು. ಹೊರಗೆ ಗರಿ, ಒಳಗೆ ಬೆಣ್ಣೆ, ಅಂಚಿನಲ್ಲಿ ಹೊಗೆಯ ವಾಸನೆ. ಮೂರು ವರ್ಷದ ವ್ರತ ಕೆಟ್ಟದ್ದಕ್ಕೆ ದುಃಖಪಡಬೇಕೆಂದು ಪ್ರಯತ್ನಿಸಿದ. ಬಾಯಿ ಸಹಕರಿಸಲಿಲ್ಲ. ಕೈ ತಾನಾಗಿ ರೊಟ್ಟಿ ಮುರಿಯುತ್ತಿತ್ತು. ಇದು ಹೊರಗಿನಿಂದ ಬಂದ ಮೀನು, ಇದನ್ನು ತಿನ್ನುವುದೂ ಒಂದು ರೀತಿಯಲ್ಲಿ ಯೋಜನೆಯ ಕೆಲಸವೇ ಎಂದು ಅರ್ಧ ಮೀನು ಮುಗಿಯುವ ಹೊತ್ತಿಗೆ ಮನಸ್ಸು ಕಂಡುಹಿಡಿಯಿತು.

ಆಗ ಸುಮ್ಮನೆ ತೊಟ್ಟಿಯ ಕಡೆ ನೋಡಿದ. ಕಪ್ಪು ಬೆನ್ನುಗಳು ಓಡಾಡುತ್ತಿದ್ದವು. ಬಂಗಾರದ ಬೆನ್ನು ಇರಲಿಲ್ಲ. ತಟ್ಟೆ ನೋಡಿದ. ಸುಟ್ಟ ಮೀನಿನ ಬಣ್ಣ ಯಾರಿಗೆ ಗೊತ್ತಾಗುತ್ತದೆ? ತುತ್ತು ಗಂಟಲಲ್ಲಿ ನಿಂತಿತು. ಕಣ್ಣು ಮೇಲಾಯಿತು.

“ನೋಡಿ, ರೋಗ ಶುರುವಾಯ್ತು” ಎಂದು ಹಿಂದಿನಿಂದ ಯಾರೋ ತೃಪ್ತಿಯಿಂದ ಹೇಳಿದರು.

ಬೆನ್ನ ಮೇಲೆ ಗುದ್ದು ಬಿತ್ತು. ಗುದ್ದಿದವನು ಚಾಸಿಬ್. “ಅವಳನ್ನ ಗಾಡಿಗೆ ಹತ್ತಿಸಿದೀನಿ ಉಸ್ತಾದ್. ಸಿಲಿಂಡರೂ ಬಂತು. ನೀವು ನಿಧಾನಕ್ಕೆ ಊಟ ಮುಗಿಸಿ.”

ತಟ್ಟೆಯಲ್ಲಿ ಮುಳ್ಳಿನ ಬಾಚಣಿಗೆಯೊಂದು ಉಳಿಯಿತು. ಸಬ್ಬಾರ್ ಸಾಯಲಿಲ್ಲ. ಜನ ಸ್ವಲ್ಪ ನಿರಾಸೆಯಿಂದ, ಆದರೆ ಹಸಿವಿನಿಂದ, ಕುರ್ಚಿ ಎಳೆದುಕೊಂಡು ಕೂತರು. ಹಜ್ಜಿ ಅವನ ಎರಡೂ ಕೆನ್ನೆಗೆ ಮುತ್ತಿಟ್ಟು, “ನೀನು ತಿನ್ನೋದು ನೋಡಿ ನನಗೇ ಹಸಿವಾಯ್ತು. ವಾರಕ್ಕೊಂದು ಸಲ ಬಂದು ಹಿಂಗೇ ಕೂತ್ಕೋ ಕಣ್ಣೇ” ಎಂದ.

ಯೋಜನೆಯ ಪಿಕಪ್ಪಿನ ಹಿಂದೆ ನೀಲಿ ಡ್ರಮ್ಮಿನಲ್ಲಿ ಬುನ್ನಿ ಗಾಳಿಗುಳ್ಳೆಗಳ ನಡುವೆ ಹಾಯಾಗಿತ್ತು.

“ಹತ್ತು ಚಾಸಿಬಣ್ಣಾ, ಡಾಕ್ಟರಿಗೆ ನಿನ್ನ ಪರಿಚಯ ಮಾಡಿಸ್ತೀನಿ.”

ಚಾಸಿಬ್ ಎರಡು ಹೆಜ್ಜೆ ಹಿಂದೆ ಸರಿದ. “ನನಗೆ ಪಟ್ಟಣದ ಗಾಳಿ ಆಗಿಬರಲ್ಲ ಉಸ್ತಾದ್. ಅದೂ ಈ ವಾರ.”

ಎಂಥ ವಿನಯ, ಹೆಸರು ಬೇಡ ಎನ್ನುತ್ತಾನಲ್ಲ ಎಂದು ಸಬ್ಬಾರ್ ಮರುಗಿದ.

ಪಟ್ಟಣದ ಹೊರಗಿನ ತಪಾಸಣೆಯಲ್ಲಿ ಪೊಲೀಸಿನವನೊಬ್ಬ ಕೈ ಅಡ್ಡ ಮಾಡಿದ. “ಡ್ರಮ್ಮಲ್ಲಿ ಏನು?”

“ಹೆಣ್ಣು ಬುನ್ನಿ” ಎಂದ ಸಬ್ಬಾರ್. ಆ ಎರಡು ಪದವನ್ನು ಮೂರು ವರ್ಷದಿಂದ ಯಾರಿಗಾದರೂ ಹೇಳಬೇಕೆಂದು ಕಾದಿದ್ದವನು. “ಬಂಗಾರದ ಬಣ್ಣ. ಇಂಥದ್ದು ಈಗ ಎಲ್ಲೂ ಸಿಕ್ಕಲ್ಲ. ಮೀನುಮರಿ ಕೇಂದ್ರಕ್ಕೆ ಒಯ್ತಾ ಇದೀನಿ.”

ಪೊಲೀಸಿನವನು ಡ್ರಮ್ಮಿನೊಳಗೆ ಟಾರ್ಚು ಬಿಟ್ಟು ಬಾಲವನ್ನು ಬಹಳ ಹೊತ್ತು ನೋಡಿದ. ಪಕ್ಕಕ್ಕೆ ಹೋಗಿ ವೈರ್‌ಲೆಸ್ಸಿನಲ್ಲಿ ಏನೋ ಮಾತಾಡಿದ. ತಿರುಗಿ ಬಂದಾಗ ಅವನ ದನಿಯಲ್ಲಿ ಹೊಸ ಮರ್ಯಾದೆಯಿತ್ತು. “ಉಸ್ತಾದ್, ನಿಮ್ಮ ಜೊತೆ ನಮ್ಮ ಗಾಡಿ ಬರತ್ತೆ. ಮುಂದೊಂದು, ಹಿಂದೊಂದು.”

“ಛೇ, ನಿಮಗ್ಯಾಕೆ ತೊಂದರೆ?”

“ಮೇಲಿನಿಂದ ಅಪ್ಪಣೆ ಆಗಿದೆ.”

ನಾಡುಮೀನಿನ ಬೆಲೆ ಸರ್ಕಾರಕ್ಕೆ ಕೊನೆಗೂ ತಿಳಿಯಿತು. ನೀಲಿ ದೀಪ ತಿರುಗಿಸುತ್ತ ಮುಂದೊಂದು ಗಾಡಿ, ಹಿಂದೊಂದು ಗಾಡಿ, ನಡುವೆ ಮೀನಿನ ನೀರಿನಲ್ಲಿ ಒದ್ದೆಯಾದ ಅಂಗಿ ತೊಟ್ಟ ಸಬ್ಬಾರ್. ಮದುವೆಯ ದಿಬ್ಬಣವೆಂದು ತಿಳಿದು ಅಂಗಡಿಯವರು ಕೈ ಬೀಸಿದರು. ಅವನೂ ಮದುಮಗನಂತೆ ಕೈ ಬೀಸಿದ. ಕಾಯಂ ಕೆಲಸದ ಮೊದಲ ಸಂಬಳದಲ್ಲಿ ಉಮ್ ಗಾಯಿಬ್‌ಗೆ ಒಂದು ಶಾಲು, ಚಾಸಿಬನ ದೋಣಿಗೆ ಹೊಸ ಬಣ್ಣ ಎಂದು ಲೆಕ್ಕ ಹಾಕಿದ. ಸ್ವೀಡನ್ನಿನ ಅಣ್ಣನಿಗೆ ಏನೂ ಬೇಡ.

ಕೇಂದ್ರದ ಗೇಟಿನಲ್ಲಿ ಎರಡಂತಸ್ತಿನ ಜನವೆಲ್ಲ ಕುರ್ಚಿ ಬಿಟ್ಟು ಇಳಿದು ಬಂದಿತ್ತು. ಡಾಕ್ಟರ್ ವಸ್ಫಿ ತಲೆ ಕೆದರಿಕೊಂಡು ಓಡಿ ಬಂದರು. ಸಬ್ಬಾರ್ ಅಪ್ಪಿಕೊಳ್ಳಲು ತೋಳು ಚಾಚಿದ. ಡಾಕ್ಟರು ತೋಳಿನ ಕೆಳಗೆ ನುಸುಳಿ ಡ್ರಮ್ಮಿನ ಬಳಿ ಹೋದರು. ಬೆರಳಿನಿಂದ ಅಂಚನ್ನು ಟಕಟಕ ಬಡಿದರು.

ಮೀನು ತಟ್ಟನೆ ತಿರುಗಿ ಬಂದು ಬಾಯಿ ತೆರೆಯಿತು.

“ಖಾತೂನ್” ಎಂದರು ಡಾಕ್ಟರು. ಅವರ ಕಣ್ಣೀರು ಡ್ರಮ್ಮಿನ ನೀರು ಸೇರಿತು.

ಸಬ್ಬಾರನ ತೋಳು ಇನ್ನೂ ಚಾಚಿಯೇ ಇತ್ತು. ಅದಕ್ಕೆ ಪೊಲೀಸಿನವನು ಬೇಡಿ ತೊಡಿಸಿದ. ಕೈ ಚಾಚು ಎಂದು ಹೇಳುವ ಶ್ರಮ ಅವನಿಗೆ ಉಳಿಯಿತು.

“ಬೆಳಿಗ್ಗೆಯಿಂದ ನಿನಗೆ ಫೋನು ಮಾಡಿದ್ದೇ ಮಾಡಿದ್ದು” ಎಂದರು ಡಾಕ್ಟರು. “ಯಾರೋ ಖಾತೂನಳನ್ನ ಎತ್ಕೊಂಡು ಹೋಗಿದಾರೆ, ನದಿ ಕಡೆ ಕಣ್ಣಿಡು ಅಂತ ಹೇಳೋದಕ್ಕೆ. ನೀನು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಅಂತ ಈಗ ಗೊತ್ತಾಯ್ತು. ನಮ್ಮ ಮೀನನ್ನ ಕದ್ದು, ನದಿಯದು ಅಂತ ನಮಗೇ ತಂದ್ಕೊಟ್ಟು ಕೆಲಸ ಕಾಯಂ ಮಾಡಿಸ್ಕೊಳ್ಳೋ ಉಪಾಯ. ಇಷ್ಟು ತಲೆ ನಿನಗಿದೆ ಅಂತ ನಾನು ತಿಳ್ಕೊಂಡಿರಲಿಲ್ಲ ಸಬ್ಬಾರ್. ಹೋಗ್ಲಿ, ಅವಳ ಹಾಸಿಗೆಯಲ್ಲಿ ಎರಡು ಗೆಂಡೆ ಯಾಕೆ ಬಿಟ್ಟು ಹೋದೆ? ಅದೇನು ತಮಾಷೆನಾ?”

ತರ್ಕ ಅಷ್ಟು ಅಚ್ಚುಕಟ್ಟಾಗಿತ್ತು. ಒಂದು ಗಳಿಗೆ, ತಾನೇ ಕದ್ದಿರಬಹುದೇ ಎಂದು ಅವನಿಗೂ ಅನುಮಾನ ಬಂತು. ಯಾರಿಗಾದರೂ ಒಂದು ಫೋನು ಮಾಡಿಕೋ ಎಂದು ಪೊಲೀಸಿನವನು ಅನುಮತಿ ಕೊಟ್ಟಾಗ ಶೇಖ್ ಮುಜ್ಬಿಲರಿಗೆ ಮಾಡಿದ.

ಶೇಖರು ಕತ್ತಲಾಗುವ ಮೊದಲೇ ಬಂದರು. ಹಿಂದೆ ಕಪ್ಪು ನಿಲುವಂಗಿಯ ಹಿರಿಯರು, ಅವರ ಹಿಂದೆ ತಲೆ ತಗ್ಗಿಸಿದ ಚಾಸಿಬ್. ಗೇಟಿನ ಕಾವಲುಗಾರ ಚಾಸಿಬನನ್ನು ನೋಡಿ ಇನ್ನೊಂದು ಕಡೆ ನೋಡಿದ.

“ಶೇಖರೇ, ಇದೇನು ಮಾಡಿದ್ರಿ?” ಎಂದ ಸಬ್ಬಾರ್, ವರಾಂಡದಲ್ಲಿ.

“ನೀನು ಬುನ್ನಿ ಕೇಳಿದೆ. ನಾನು ಮಾತು ಕೊಟ್ಟೆ. ನದೀಲಿ ಒಂದೂ ಉಳಿದಿಲ್ಲ ಅಂತ ಮೂರು ವರ್ಷದಿಂದ ಊರಿಗೆಲ್ಲ ಹೇಳ್ತಾ ಇದ್ದೋನು ನೀನೇ. ಓದಿದೋನ ಮಾತು, ನಂಬಿದ್ವಿ. ಇಲ್ಲದ ಕಡೆ ಹುಡುಕೋದು ಹುಚ್ಚು. ಇರೋ ಕಡೆಯಿಂದ ತಂದ್ವಿ.”

“ಕದ್ದಿಲ್ಲ ಉಸ್ತಾದ್” ಎಂದ ಚಾಸಿಬ್, ನೊಂದುಕೊಂಡು. “ಕಾವಲುಗಾರ ನಮ್ಮ ಸೋದರತ್ತೆ ಮಗ. ಅವನೇ ಬಾಗಿಲು ತೆಗೆದ. ಹರಾಮ್ ಆಗಬಾರದು ಅಂತ ಒಂದಕ್ಕೆ ಎರಡು ಗೆಂಡೆ ಬಿಟ್ಟು ಬಂದಿದೀನಿ.”

ಡಾಕ್ಟರ ಕೋಣೆಯಲ್ಲಿ ಜವಾನ ಕಾಗದದ ಲೋಟಗಳಲ್ಲಿ ಪುಡಿ ಕಲಸಿದ ಕಾಫಿ ತಂದ. ಶೇಖರು ಲೋಟ ಇಸಿದುಕೊಂಡು, ತುಟಿಗೆ ತಾಗಿಸದೆ, ಗಾಜಿನ ಮೇಜಿನ ಮೇಲಿಟ್ಟರು. ಹಿಂದಿದ್ದ ಹಿರಿಯರೂ ಸಾಲಾಗಿ ಇಟ್ಟರು. ಡಾಕ್ಟರು ಆ ಲೋಟಗಳನ್ನು ನೋಡಿ ಬೆವರು ಒರೆಸಿಕೊಂಡರು. ಎಷ್ಟು ಓದಿದರೂ ಅವರಿಗೂ ಒಬ್ಬ ಅಜ್ಜನಿದ್ದ, ಅವನಿಗೂ ಒಂದು ಗೋರಿಯಿತ್ತು.

“ಹುಡುಗನ ಬೇಡಿ ಬಿಚ್ಚಬೇಕು. ಕೆಲಸದಿಂದ ತೆಗೀಬಾರದು. ನಡೆದದ್ದು ನಡೆದಿಲ್ಲ” ಎಂದರು ಶೇಖರು.

ಡಾಕ್ಟರು ನಿಟ್ಟುಸಿರು ಬಿಟ್ಟರು. “ಕಾಫಿ ಕುಡೀರಿ ಶೇಖರೇ. ಕೆಲಸ ಆಯ್ತು ಅಂತ ತಿಳ್ಕೊಳ್ಳಿ.”

ಬೇಡಿ ಬಿಚ್ಚಿತು. ಎಲ್ಲರೂ ಕುಡಿದರು. ದೇವರು ದೊಡ್ಡವನು, ಕಾಯಂ ಅಲ್ಲದಿದ್ದರೂ ಕೆಲಸ ಉಳಿಯಿತು ಎಂದು ಸಬ್ಬಾರ್ ಅಂದುಕೊಳ್ಳುವಷ್ಟರಲ್ಲಿ ಡಾಕ್ಟರು ತಮ್ಮ ಲೋಟವನ್ನು ಎತ್ತಿಕೊಂಡು ಮೇಜು ಸುತ್ತಿ ಬಂದರು. ಅದನ್ನು ಶೇಖರ ಮುಂದೆ, ಕುಡಿಯದೆ, ಇಟ್ಟರು.

“ಈಗ ನಾನು ನಿಮ್ಮ ಚಾವಡಿಗೆ ಬಂದಿದೀನಿ ಅಂತ ಭಾವಿಸಿ. ನನ್ನ ಹತ್ತಿರ ಹೆಣ್ಣು ಅಂತ ಇರೋದು ಇನ್ನೂ ಖಾತೂನ್ ಒಬ್ಬಳೇ. ನನಗೊಂದು ಹೆಣ್ಣು ಬುನ್ನಿ ಬೇಕು. ಇದೇ ತಿಂಗಳೊಳಗೆ, ಜೀವಂತ. ಅದು ಬಂದು ಸೇರೋವರೆಗೆ ಅದರ ಹೊಣೆ ಸಬ್ಬಾರನ ತಲೆ ಮೇಲೆ.”

ಶೇಖರು ಮಾಡನ್ನು ನೋಡಿದರು. ಅಲ್ಲಿ ಜೊಂಡಿರಲಿಲ್ಲ, ಟ್ಯೂಬ್‌ಲೈಟಿತ್ತು. “ಕುಡೀರಿ ಡಾಕ್ಟರೇ. ಕೆಲಸ ಆಯ್ತು ಅಂತ ತಿಳ್ಕೊಳ್ಳಿ.”

ಊರಿಗೆ ತಿರುಗಿ ಹೋಗುವಾಗ ಪಿಕಪ್ಪಿನಲ್ಲಿ ಸಬ್ಬಾರನ ಪಕ್ಕ ಚಾಸಿಬ್ ಕೂತ. ಹಿಂದೆ ಖಾಲಿ ಡ್ರಮ್ಮು ಪ್ರತಿ ಗುಂಡಿಗೂ ಢಣ್ ಎನ್ನುತ್ತಿತ್ತು. ಪಟ್ಟಣ ದಾಟಿದ ಮೇಲೆ ಚಾಸಿಬ್ ಅವನ ಕಡೆ ತಿರುಗಿದ.

“ಉಸ್ತಾದ್, ಪಕ್ಕದ ಜಿಲ್ಲೇಲೂ ನಿಮ್ಮದೇ ಥರದ ಒಂದು ಮೀನುಮರಿ ಕೇಂದ್ರ ಇದೆಯಂತೆ, ಹೌದಾ?”

“ಇದೆ. ಯಾಕೆ?”

“ಸುಮ್ಮನೆ ಕೇಳಿದೆ. ಅಲ್ಲಿ ಕಾವಲುಗಾರ ಯಾವ ಕುಲದವನು?”